ಅಕ್ಕನ ಗಂಟಲಿಗೆ ಹೆದರುತ್ತಿದ್ದ ಹಕ್ಕಿಗಳು

ಕಡಲಹಕ್ಕಿಯ ಫೋಟೋ ತೆಗೆಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಿಳಿ ರೆಕ್ಕೆಯಂತೆ, ಹಳದಿ ಕೊಕ್ಕಂತೆ, ಆಹಾ ಎಂದು ಕತ್ತೆತ್ತಿ ನಿಂತಿರುತ್ತಾರೆ. ಕೈಯಲ್ಲಿದ್ದ ಬನ್ನು ಅದೇ ಕೊಕ್ಕಿಗೆ ಹೋದ ಮೇಲೆಯೇ ಅವರ ಬಾಯಿ ಮುಚ್ಚುವುದು. ಅವರಿಗೇನು, ಎರಡು ದಿನ ಇದ್ದು ಹೋಗುತ್ತಾರೆ, ಬನ್ನು ಹೋದ ಕಥೆಯನ್ನು ವರ್ಷವಿಡೀ ಹೇಳಿಕೊಂಡು ನಗುತ್ತಾರೆ. ಇಲ್ಲೇ ಬಿದ್ದಿರುವ ನಾವು ಕಸದ ಡಬ್ಬಿಯ ಮೇಲೆ ಕಲ್ಲು ಹೇರಿ, ಬೆಂಚಿನ ಮೇಲೆ ಕೂರುವ ಮುಂಚೆ ಮೂರು ಸಲ ಒರೆಸಿ, ಬಿಸಿಲಿಲ್ಲದಿದ್ದರೂ ಕೊಡೆ ಹಿಡಿದು ಬದುಕಬೇಕು. ಅದು ಸಾಲದು ಎಂಬಂತೆ ನಮ್ಮದು ಲಾಂಡ್ರಿ.

ದಂಡೆಯ ಮೇಲಿನ ದೊಡ್ಡ ಹೋಟೆಲಿನ ಬೆಡ್‌ಶೀಟು, ದಿಂಬಿನ ಕವರು, ಮೇಜಿನ ಬಟ್ಟೆ ಎಲ್ಲ ಒಗೆಯುವುದು ನಾವೇ. ಬಿಸಿಗಾಳಿಯ ಮೆಷಿನ್ನಿನಲ್ಲಿ ಒಣಗಿಸಿದರೆ ಅವರಿಗೆ ಆಗದು. ‘ಬಿಸಿಲಲ್ಲಿ ಒಣಗಿದ ಹಾಸಿಗೆ, ಕಡಲಗಾಳಿಯ ಪರಿಮಳ’ ಎಂದು ಪ್ರತಿ ಕೋಣೆಯಲ್ಲೂ ಚೌಕಟ್ಟು ಹಾಕಿಸಿ ತೂಗುಹಾಕಿದ್ದಾರೆ. ಹಾಗಾಗಿ ಕೆಳಗೆ ಒಗೆದದ್ದನ್ನು ಬುಟ್ಟಿಯಲ್ಲಿ ಹೊತ್ತು, ಇಸ್ತ್ರಿ ಕೋಣೆ ದಾಟಿ, ನಾವು ವಾಸವಿರುವ ಮಹಡಿಯನ್ನೂ ದಾಟಿ ತಾರಸಿಗೆ ತರಬೇಕು. ಅಲ್ಲಿ ಸಾಲು ಸಾಲಾಗಿ ಬಿಳಿ ಶೀಟು ಹರವಿದ್ದನ್ನು ನೋಡಿದರೆ ಯಾರಿಗಾದರೂ ಮನಸ್ಸು ತಂಪಾಗಬೇಕು. ಹಕ್ಕಿಗಳಿಗೆ ಮಾತ್ರ ಹೊಟ್ಟೆ ಸಡಿಲವಾಗುತ್ತದೆ. ಇಡೀ ಸಮುದ್ರ ಖಾಲಿ ಬಿದ್ದಿದ್ದರೂ ನಮ್ಮ ಶೀಟೇ ಆಗಬೇಕು ಅವಕ್ಕೆ.

ಇಂಥ ಜಾಗದಲ್ಲಿ ನಮ್ಮ ಲಾಂಡ್ರಿ ಬಾಗಿಲು ಹಾಕದೆ ನಿಂತದ್ದು ಮೆಷಿನ್ನಿನಿಂದಲೂ ಅಲ್ಲ, ಸೋಪಿನ ಪುಡಿಯಿಂದಲೂ ಅಲ್ಲ. ನನ್ನ ವಾರಗಿತ್ತಿಯ ಗಂಟಲಿನಿಂದ. ನಮ್ಮನೆಯವರ ಅಣ್ಣನ ಹೆಂಡತಿ ಅವಳು, ನಾನು ಅಕ್ಕ ಅನ್ನುತ್ತೇನೆ. ಬೀದಿಯವರು ಸೈರನ್ ಅನ್ನುತ್ತಾರೆ, ಅವಳಿಗೆ ಕೇಳದ ಹಾಗೆ.

ಅದು ಶುರುವಾದದ್ದು ಹೀಗೆ. ಲಾಂಡ್ರಿ ಇಟ್ಟ ಹೊಸತರಲ್ಲಿ ಅಕ್ಕ ಹಕ್ಕಿಗಳನ್ನು ಓಡಿಸಲು ಕೋಲು ಬೀಸಿದಳು, ತಟ್ಟೆ ಬಡಿದಳು, ಬಾಯಿಗೆ ಬಂದಂತೆ ಬೈದಳು. ಒಂದೂ ಕ್ಯಾರೇ ಅನ್ನಲಿಲ್ಲ. ಒಂದು ದಿನ ಬುಟ್ಟಿಯ ಜೊತೆ ಕ್ಲಿಪ್ಪಿನ ಡಬ್ಬಿ ಕಳಿಸಲು ಭಾವ ಮರೆತರು. ಅಕ್ಕ ತಾರಸಿಯ ಅಂಚಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು, ಕೆಳಗಿದ್ದ ಗಂಡನನ್ನು ಉದ್ದೇಶಿಸಿ ‘ರೀ!’ ಎಂದಳು. ಅಷ್ಟೇ. ತಾರಸಿಯ ಮೇಲಿದ್ದವು, ಪಕ್ಕದ ಕಟ್ಟಡದ ಮೇಲಿದ್ದವು, ಬೀದಿಯಾಚೆ ಮೀನಿನಂಗಡಿಯ ಮುಂದಿದ್ದವು, ಎಲ್ಲ ಒಟ್ಟಿಗೆ ಎದ್ದು ಸಮುದ್ರದ ಕಡೆ ಹೋದವು. ಮೀನಿನಂಗಡಿಯವನು ಕತ್ತಿ ಕೆಳಗಿಟ್ಟು ಯಾರಿಗೇನಾಯ್ತು ಎಂದು ಹೊರಗೆ ಬಂದ.

ಆಮೇಲೆ ಅದೇ ನಮ್ಮ ಪದ್ಧತಿಯಾಯಿತು. ಹಕ್ಕಿಗೆ ಬೈದರೆ ಹಕ್ಕಿ ಹೋಗುವುದಿಲ್ಲ, ಭಾವನಿಗೆ ಬೈದರೆ ಹೋಗುತ್ತದೆ. ನಾನೂ ನಮ್ಮನೆಯವರಿಗೆ ಬೈದು ನೋಡಿದೆ. ಹಕ್ಕಿಗಳಿರಲಿ, ನಮ್ಮನೆಯವರೂ ಕತ್ತು ತಿರುಗಿಸಲಿಲ್ಲ. ಅಕ್ಕನ ಬೈಗುಳದಲ್ಲಿ ಒಂದು ಸತ್ಯ ಇತ್ತು. ಭಾವ ದಿನಕ್ಕೊಂದು ಎಡವಟ್ಟು ಮಾಡುವುದು, ಅವಳು ದಿನಕ್ಕೆ ನಾಲ್ಕು ಸಲ ಅವರ ಜನ್ಮ ಜಾಲಾಡುವುದು, ಶೀಟು ಶುಭ್ರವಾಗಿ ಒಣಗುವುದು. ಗಂಡನ ಚಳಿ ಬಿಡಿಸುವಾಗಲೂ ಅವಳು ‘ನೀವು’ ಬಿಟ್ಟು ‘ನೀನು’ ಎಂದವಳಲ್ಲ. ಬೀದಿಯ ತುದಿಗೆ ಕೇಳುವ ಹಾಗೆ, ಪೂರ್ತಿ ಮರ್ಯಾದೆ ಕೊಟ್ಟು ಮರ್ಯಾದೆ ಕಳೆಯುತ್ತಿದ್ದಳು. ಭಾವ ಇಸ್ತ್ರಿ ಪೆಟ್ಟಿಗೆ ನಿಲ್ಲಿಸದೆ ‘ಆಯ್ತು ಮಾರಾಯ್ತಿ’ ಎಂದು ಗೊಣಗುತ್ತಿದ್ದರು.

ಹೀಗೆ ವರ್ಷಗಟ್ಟಲೆ ನಡೆಯಿತು. ಕಳೆದ ಬೇಸಿಗೆಗೆ ಮುಂಚೆ ಅಕ್ಕನ ಗಂಟಲು ಕಟ್ಟಿಕೊಂಡಿತು. ಶೀತ ಎಂದಳು, ಧೂಳು ಎಂದಳು, ಬಿಸಿನೀರು ಕುಡಿದಳು. ‘ರೀ’ ಅನ್ನಲು ಹೋದರೆ ಅರ್ಧಕ್ಕೇ ದನಿ ಒಡೆಯತೊಡಗಿತು. ಹಕ್ಕಿಗಳಲ್ಲಿ ದಡಿಯನಂಥದೊಂದಿತ್ತು. ಒಂದು ಕಾಲು ಮಡಚಿ ಎದೆಯುಬ್ಬಿಸಿ ನಿಲ್ಲುತ್ತಿದ್ದ ಠೀವಿಗೆ ನಾವು ಅದನ್ನು ಇನ್ಸ್‌ಪೆಕ್ಟರ್ ಎಂದು ಕರೆಯುತ್ತಿದ್ದೆವು. ಅದು ಮೊದಲ ಬಾರಿಗೆ ಹಾರದೆ ತಲೆ ಓರೆ ಮಾಡಿ ಅಕ್ಕನನ್ನೇ ನೋಡಿತು. ಆಗ ಭಾವ ಪೆಟ್ಟಿಗೆ ಆರಿಸಿ, ಅಂಗಿ ಬದಲಿಸಿ, ‘ನಡಿ ಆಸ್ಪತ್ರೆಗೆ’ ಎಂದರು.

ನಾನೂ ಜೊತೆಗೆ ಹೋದೆ. ಡಾಕ್ಟರಮ್ಮ ಗಂಟಲೊಳಗೆ ಬೆಳಕು ಬಿಟ್ಟು ನೋಡಿ, “ನೀವೇನು ಟೀಚರಾ? ಹಾಡ್ತೀರಾ?” ಎಂದು ಕೇಳಿದರು.

“ಬಟ್ಟೆ ಒಗೀತೀನಿ,” ಎಂದಳು ಅಕ್ಕ.

“ಬಟ್ಟೆ ಒಗೆದ್ರೆ ಗಂಟಲು ಇಷ್ಟು ಹಾಳಾಗೋದು ಹೇಗೆ?”

“ಅದು ನನ್ನಿಂದ, ಡಾಕ್ಟ್ರೇ,” ಎಂದರು ಭಾವ.

ದನಿಯ ತಂತುವಿನ ಮೇಲೆ ಗಂಟು ಬೆಳೆದಿತ್ತು. ಕೆಟ್ಟ ಗಂಟಲ್ಲ ಎಂದು ಪರೀಕ್ಷೆಯಲ್ಲಿ ತಿಳಿದಾಗ ನಮ್ಮೆಲ್ಲರಿಗೂ ಹೋದ ಜೀವ ಬಂತು. ಆದರೆ ಡಾಕ್ಟರಮ್ಮನ ಮಾತು ಅಲ್ಲಿಗೆ ಮುಗಿಯಲಿಲ್ಲ. “ಗಂಟು ತೆಗೀಬಹುದು. ಆಮೇಲೆ ಕೆಲವು ವಾರ ಒಂದು ಮಾತೂ ಆಡಬಾರದು, ಪಿಸುಗುಟ್ಟಲೂಬಾರದು. ದನಿ ಮೊದಲಿನ ಹಾಗೇ ಬರುತ್ತೆ ಅಂತ ಮಾತ್ರ ನಾನು ಹೇಳಲಾರೆ.”

ಮನೆಗೆ ಬಂದವಳೇ ಅಕ್ಕ ಸೀದಾ ತಾರಸಿಗೆ ಹೋದಳು. ನಾನು ಬುಟ್ಟಿ ಹಿಡಿದು ಹಿಂದೆಯೇ ಹೋದೆ. ಶೀಟಿನ ಅಂಚು ಜಗ್ಗಿ ಸರಿಮಾಡುತ್ತ, “ಬಾಯೊಂದು ಹೋದ್ರೆ ನನ್ನಲ್ಲಿ ಇನ್ನೇನಿದೆಯೇ? ಚಂದಾನಾ, ಓದಾ? ಇವರೂ ನನ್ನ ಮಾತು ಕೇಳೋದು ಜೋರಿದೆ ಅಂತ,” ಎಂದಳು. ಬೇರೆ ದಿನವಾಗಿದ್ದರೆ ನಾನು ತಮಾಷೆ ಮಾಡದೆ ಬಿಡುತ್ತಿರಲಿಲ್ಲ. ಅವತ್ತು ನನಗೆ ಭಯವಾಗಿತ್ತು. ಕ್ಲಿಪ್ಪು ಎತ್ತಿಕೊಟ್ಟೆ, ಅಷ್ಟೇ.

ನಮ್ಮನೆಯವರು ಲಾಂಡ್ರಿಯ ವ್ಯಾನು ಓಡಿಸುತ್ತಾರೆ. ಅವರಿಗೆ ಐಡಿಯಾ ಬರುವುದು ಅಪರೂಪ, ಬಂದರೆ ಯಾರ ಮಾತಿಗೂ ನಿಲ್ಲುವುದಿಲ್ಲ. ಆಪರೇಷನ್ನಿಗೆ ಮುಂಚೆ ಅತ್ತಿಗೆಯ ದನಿ ರೆಕಾರ್ಡು ಮಾಡಿಕೊಂಡು ತಾರಸಿಯ ಮೇಲೆ ಸ್ಪೀಕರಿನಲ್ಲಿ ಹಾಕೋಣ ಎಂದರು. ಕಿರುಚಬೇಡಿ ಎಂದು ಡಾಕ್ಟರಮ್ಮ ಹೇಳಿದ್ದರು. ಒಂದೇ ಸಲ, ಹೇಗೂ ತೆಗೆಯುವ ಗಂಟು ತಾನೇ ಎಂದಳು ಅಕ್ಕ. ಇಸ್ತ್ರಿ ಕೋಣೆಯಲ್ಲಿ ಮುಖದ ಮುಂದೆ ಫೋನು ಹಿಡಿದದ್ದೇ ತಡ, ಕೈಕಟ್ಟಿ ನೆಟ್ಟಗೆ ನಿಂತು ಮೆಲ್ಲಗೆ, “ಹಕ್ಕಿಗಳೇ, ಹೋಗಿ,” ಎಂದಳು. ನಾನು ನೆಲದ ಮೇಲೆ ಕೂತು ನಕ್ಕೆ. ಇನ್ನೊಮ್ಮೆ ಹೇಳಿಸಿದರೆ “ದಯವಿಟ್ಟು” ಸೇರಿಸಿದಳು.

ಭಾವ ಮಹಡಿಗೆ ಹೋದರು. ಸ್ನಾನ ಮಾಡಿ ತಲೆ ಒರೆಸುತ್ತ ಇಸ್ತ್ರಿ ಕೋಣೆಗೆ ಬಂದು, ಹೋಟೆಲಿಗೆ ಹೊರಟು ನಿಂತಿದ್ದ ಶೀಟಿನ ಅಟ್ಟಿಯ ಮೇಲೆ ತೊಟ್ಟಿಕ್ಕುವ ಟವೆಲ್ಲನ್ನು ಹಾಕಿ ಹೊರಟರು. ಅಕ್ಕ ನೋಡಿದಳು. ನಮ್ಮನೆಯವರು ಗುಂಡಿ ಒತ್ತಿದರು.

“ರೀ! ಎಷ್ಟು ಸಲ ಹೇಳ್ಬೇಕ್ರೀ ನಿಮಗೆ? ಒದ್ದೆ ಟವೆಲ್ಲು ಹಾಕೋಕೆ ಇಸ್ತ್ರಿ ಮಾಡಿದ ಶೀಟೇ ಆಗ್ಬೇಕಾ? ಹೆಗಲ ಮೇಲಿರೋದು ತಲೇನಾ, ಟೋಪಿ ತೂಗುಹಾಕೋ ಗೂಟಾನಾ? ನಾನು ಸತ್ತ ಮೇಲೆ ಯಾರು ಹೇಳ್ತಾರ್ರೀ ನಿಮಗೆ?” ಇದು ಬರೀ ಪೀಠಿಕೆ. ಒಡೆದ ದನಿಯೇ ಆದರೂ ಹಳೆಯ ಕಸುವೆಲ್ಲ ಅವತ್ತು ಒಟ್ಟಿಗೆ ಬಂದಿತ್ತು. ಮುಗಿಯುವ ಹೊತ್ತಿಗೆ ಅಕ್ಕ ಏದುಸಿರು ಬಿಡುತ್ತಿದ್ದಳು, ಕಿಟಕಿಯಾಚೆ ಒಂದು ಹಕ್ಕಿಯೂ ಇರಲಿಲ್ಲ.

ಆಪರೇಷನ್ ಆಯಿತು. ಅಕ್ಕ ಬಾಯಿ ಮುಚ್ಚಿ ಮನೆಗೆ ಬಂದಳು. ಚಪ್ಪಾಳೆ, ಚಿಟಿಕೆ, ಕಣ್ಣು, ಹುಬ್ಬು, ಇಷ್ಟರಲ್ಲೇ ಸಂಸಾರ ನಡೆಯತೊಡಗಿತು. ತಾರಸಿಯ ಸ್ಪೀಕರು ಮಾತ್ರ ಗಂಟೆಗೊಮ್ಮೆ ಗಂಟಲು ಹರಿದುಕೊಳ್ಳುತ್ತಿತ್ತು. ಮೊದಲ ಸಲ ಕೇಳಿದಾಗ ಅಕ್ಕ ತನ್ನ ಎದೆ ಮುಟ್ಟಿಕೊಂಡು, ಇದು ನಾನಾ ಎಂದು ಕಣ್ಣಲ್ಲೇ ಕೇಳಿದಳು. ಹೌದೆಂದರೆ ನಂಬಲಿಲ್ಲ. ನನ್ನ ದನಿ ಇಷ್ಟು ಕರ್ಕಶವಲ್ಲ ಎಂದು ಕೈಯಾಡಿಸಿ ಮುನಿಸಿಕೊಂಡಳು. ಊರಿಗೆಲ್ಲ ಟವೆಲ್ಲಿನ ವಿಷಯ ಬಾಯಿಪಾಠವಾಯಿತು. ಭಾವ ಬೀದಿಗಿಳಿದರೆ ಮೀನಿನಂಗಡಿಯವನು, “ಏನ್ ಸಾರ್, ಟವೆಲ್ಲು ಒಣಗ್ತಾ?” ಎಂದು ಕೇಳುವುದು, ಭಾವ “ಇನ್ನೂ ಇಲ್ಲಪ್ಪಾ,” ಅನ್ನುವುದು.

ಹಕ್ಕಿಗಳು ಒಂದು ವಾರ ಹೆದರಿದವು. ಆಮೇಲೆ ಇನ್ಸ್‌ಪೆಕ್ಟರ್ ಒಂಟಿಯಾಗಿ ಬಂದು ಪೂರ್ತಿ ಬೈಗುಳ ಕೇಳಿಸಿಕೊಂಡಿತು. ಬರೀ ಸದ್ದು, ಹೆಂಗಸಿಲ್ಲ ಎಂದು ಅದಕ್ಕೆ ತಿಳಿದುಹೋಯಿತು. ಮರುದಿನ ಸಂಸಾರ ಸಮೇತ ಬಂತು. ಹೋಟೆಲಿನ ಮೇಲ್ವಿಚಾರಕಿ ಒಂದು ಶೀಟನ್ನು ನನ್ನ ಮುಂದೆ ಬಿಡಿಸಿ ಹಿಡಿದು, “ಇದು ಕಡಲಗಾಳಿಯ ಪರಿಮಳಾನಾ?” ಎಂದು ಕೇಳಿದಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೊನೆಗೆ ನಾನೂ ನಮ್ಮನೆಯವರೂ ಸೇರಿ ಶೀಟುಗಳ ಮೇಲ್ಗಡೆ ಅಡ್ಡಡ್ಡ ತೆಳುತಂತಿ ಬಿಗಿದೆವು. ರೆಕ್ಕೆಗೆ ತಾಗುತ್ತದೆಂದು ಹೆದರಿ ಹಕ್ಕಿಗಳು ಇಳಿಯುವುದನ್ನು ಬಹುಮಟ್ಟಿಗೆ ನಿಲ್ಲಿಸಿದವು. ಉಳಿದವಕ್ಕೆ ನನ್ನ ಕೋಲಿತ್ತು. ಇನ್ಸ್‌ಪೆಕ್ಟರ್ ಮಾತ್ರ ಸ್ಪೀಕರಿನ ಮೇಲೆಯೇ ಠಾಣೆ ಹೂಡಿ, ತನ್ನ ಕಾಲಡಿಯಿಂದಲೇ ‘ರೀ’ ಎಂದು ಹೊರಟಾಗ ಆರಾಮಾಗಿ ರೆಕ್ಕೆ ಕೆದರಿಕೊಳ್ಳುತ್ತಿತ್ತು.

ಇನ್ನೇಕೆ ಈ ಗಲಾಟೆ ಎಂದು ನಾನು ಸ್ಪೀಕರ್ ಆರಿಸಲು ಹೋದೆ. ಭಾವ ಅಡ್ಡ ಬಂದರು. “ಇರಲಿ ಬಿಡು,” ಎಂದರು.

“ಭಾವ, ಹಕ್ಕಿ ಅದರ ಮೇಲೇ ಕೂತ್ಕೊಂಡು ನಿದ್ದೆ ಮಾಡ್ತಿದೆ. ಯಾರನ್ನ ಓಡಿಸ್ತೀರಿ?”

“ಯಾರನ್ನೂ ಓಡಿಸೋಕಲ್ಲ.” ಅವರು ಸ್ಪೀಕರಿನ ವೈರು ಸರಿಮಾಡುವವರಂತೆ ಬಗ್ಗಿದರು. “ಮನೆ ಬಿಕೋ ಅನ್ನುತ್ತೆ ಕಣಮ್ಮಾ.”

ಆಗ ನನಗೆ ಇನ್ನೊಂದು ಸಂಗತಿ ಹೊಳೆಯಿತು. ಅಕ್ಕ ಬಾಯಿ ಮುಚ್ಚಿದಂದಿನಿಂದ ಭಾವ ಒಂದೂ ಎಡವಟ್ಟು ಮಾಡಿರಲಿಲ್ಲ. ಕ್ಲಿಪ್ಪಿನ ಡಬ್ಬಿ ತಪ್ಪದೆ ಬುಟ್ಟಿಯಲ್ಲಿರುತ್ತಿತ್ತು. ಚಪ್ಪಲಿ ಬಾಗಿಲಾಚೆ ಜೋಡಿಸಿಟ್ಟಿರುತ್ತಿತ್ತು. ಟವೆಲ್ಲು ತಂತಿಯ ಮೇಲೆ, ಎರಡು ಕ್ಲಿಪ್ಪಿನ ಸಮೇತ.

“ಭಾವ, ಅಂದ್ರೆ ಇಷ್ಟು ವರ್ಷ ನೀವು ಬೇಕಂತಲೇ...?”

“ಹಕ್ಕಿ ಜಾಸ್ತಿ ಇದ್ದ ದಿನ ಒಂದೋ ಎರಡೋ ಬೇಕಂತ ಮಾಡ್ತಿದ್ದೆ,” ಎಂದರು ಭಾವ. ನಾಚಿಕೊಂಡು, “ಮಿಕ್ಕಿದ್ದು ತಾನಾಗೇ ಬರ್ತಿತ್ತು,” ಎಂದೂ ಸೇರಿಸಿದರು.

ಸ್ಪೀಕರ್ ಹಾಗೇ ಉಳಿಯಿತು. ಅದು ಶುರುವಾದಾಗಲೆಲ್ಲ ಅಕ್ಕ ಕೈಕೆಲಸ ಬಿಟ್ಟು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಈಗ ಮುನಿಸಿರಲಿಲ್ಲ. ಯಾರದೋ ಒಳ್ಳೆಯ ಹಾಡು ಕೇಳುವವಳಂತೆ, ಕುತ್ತಿಗೆಯ ಮೇಲೆ ಬೆರಳಿಟ್ಟುಕೊಂಡು ಕೊನೆಯವರೆಗೂ ಕೇಳುತ್ತಿದ್ದಳು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಮಾತಾಡಬಹುದು ಎಂದು ಡಾಕ್ಟರಮ್ಮ ಹೇಳಿದ ದಿನ ನಾವೆಲ್ಲ ಆಸ್ಪತ್ರೆಯಲ್ಲಿ ಅವಳನ್ನು ಸುತ್ತುವರಿದು ನಿಂತಿದ್ದೆವು. ಅಕ್ಕ ಬಾಯಿ ತೆರೆದಳು. ಪಂಕ್ಚರಾದ ಟ್ಯೂಬಿನಿಂದ ಬರುವಂಥ ಗಾಳಿ ಬಂತು, ಅದರೊಳಗೆಲ್ಲೋ ಎರಡು ಅಕ್ಷರ ಇದ್ದವು. ಮಾತು ಇನ್ನಷ್ಟು ಸ್ಪಷ್ಟವಾಗಬಹುದು, ಜೋರಾಗುವುದು ಕಷ್ಟ, ಕಿರುಚುವುದನ್ನಂತೂ ಮರೆತುಬಿಡಿ ಎಂದರು ಡಾಕ್ಟರಮ್ಮ. ದಾರಿಯುದ್ದಕ್ಕೂ ಅಕ್ಕ ವ್ಯಾನಿನ ಕಿಟಕಿಯಾಚೆ ನೋಡುತ್ತ ಕೂತಳು. ಬಾಯಿಗೆ ಬೀಗ ಬಿದ್ದಾಗಲೂ ಅವಳು ಇಷ್ಟು ಸುಮ್ಮನಿರಲಿಲ್ಲ.

ಮನೆಗೆ ಬಂದ ಮೇಲೆ ಅವಳೂ ನಾನೂ ಇಸ್ತ್ರಿ ಕೋಣೆಯಲ್ಲಿ ಶೀಟು ಮಡಚುತ್ತಿದ್ದೆವು. ಭಾವ ಸ್ನಾನ ಮುಗಿಸಿ ತಲೆ ಒರೆಸುತ್ತ ಬಂದರು. ಯಾರ ಮುಖವನ್ನೂ ನೋಡದೆ, ಆಗಷ್ಟೇ ಅಟ್ಟಿ ಮಾಡಿದ್ದ ಶೀಟಿನ ಮೇಲೆ ಒದ್ದೆ ಟವೆಲ್ಲು ಹಾಕಿ, ಕೆಳಗಿಳಿದು ಹೋಗಿ ಮೆಷಿನ್ ಹಾಕಿದರು.

ಅಕ್ಕ ಟವೆಲ್ಲನ್ನು ನೋಡಿದಳು. ಮೆಟ್ಟಿಲ ಬಾಯಿಗೆ ಬಂದು ಸೊಂಟದ ಮೇಲೆ ಕೈಯಿಟ್ಟಳು, ಎದೆ ತುಂಬ ಉಸಿರೆಳೆದಳು. ಬಂದದ್ದು ಅದೇ ಗಾಳಿ. ಮೆಷಿನ್ನಿನ ಗುರ್ರ್ ಸದ್ದಿನಲ್ಲಿ ಅದು ಮೊದಲ ಮೆಟ್ಟಿಲನ್ನೂ ಇಳಿಯಲಿಲ್ಲ. ಅವಳ ಕೈ ಸೊಂಟದಿಂದ ಜಾರಿತು. ಅವಳ ಪರವಾಗಿ ‘ಭಾವಾ!’ ಎಂದು ಕೂಗಲು ನಾನು ಬಾಯಿ ತೆರೆದೆ, ಯಾಕೋ ತಡೆದುಕೊಂಡೆ.

ಕೆಳಗೆ ಮೆಷಿನ್ ನಿಂತಿತು. ಭಾವ ಮೆಟ್ಟಿಲು ಹತ್ತಿ ಬಂದು, ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತರು. ಕಿವಿ ಸರಿಯಾಗಿ ಅವಳ ಬಾಯಿಯ ಮಟ್ಟಕ್ಕೆ ಬಂತು.

“ಹೂಂ, ಹೇಳು,” ಎಂದರು.

ಅಕ್ಕ ಅವರ ತೋಳು ಹಿಡಿದುಕೊಂಡು ಶುರುಮಾಡಿದಳು. ನಾಲ್ಕು ಹೆಜ್ಜೆ ಆಚೆಯಿದ್ದ ನನಗೆ ‘ರೀ’ ಎಂಬುದೊಂದು ಬಿಟ್ಟರೆ ಏನೂ ಕೇಳಿಸಲಿಲ್ಲ. ಭಾವ ಮಾತ್ರ ಪ್ರತಿ ಮಾತಿಗೂ ತಲೆಯಾಡಿಸುತ್ತಿದ್ದರು, ನಡುವೆ “ತಪ್ಪಾಯ್ತು” ಎಂದರು. ಬಹಳ ಹೊತ್ತಾದ ಮೇಲೆ ಅಕ್ಕ ಉಸಿರಿಗೆಂದು ನಿಲ್ಲಿಸಿದಳು. ಭಾವ ಕಿವಿ ತೆಗೆಯಲಿಲ್ಲ.

“ಟೋಪಿ ಗೂಟದ್ದು ಬಿಟ್ಟುಹೋಯ್ತು,” ಎಂದರು.

ಅಕ್ಕ ಅದನ್ನೂ ಹೇಳಿದಳು. ಆಮೇಲೆ ಭಾವ ಟವೆಲ್ಲು ತೆಗೆದುಕೊಂಡು ತಾರಸಿಗೆ ಹೋಗಿ ಒಣಹಾಕಿದರು, ಬರುವಾಗ ಸ್ಪೀಕರನ್ನು ಬಿಚ್ಚಿಕೊಂಡು ಬಂದರು.