ಅಕ್ಕ ಬೆರಳಿಟ್ಟ ಸಾಲು

ದೇವರು ಹೇಳದ ಮಾತನ್ನು ದೇವರು ಹೇಳಿದನೆಂದು ನಾನು ನನ್ನ ಅಕ್ಕನಿಗೆ ಓದಿದೆ. ಸತ್ಯವೇದ ನನ್ನ ತೊಡೆಯ ಮೇಲೆ ತೆರೆದೇ ಇತ್ತು, ಅವಳ ಬೆರಳು ಒಂದು ಸಾಲಿನ ಮೇಲಿತ್ತು — ನಾನು ಆ ಸಾಲನ್ನು ನೋಡಲೇ ಇಲ್ಲ. ಬಾಯಿಗೆ ಬಂದ ಬೇರೆ ವಾಕ್ಯ ಹೇಳಿಬಿಟ್ಟೆ. ಹನ್ನೊಂದು ವರ್ಷವಾಯಿತು. ಆ ಸಾಲಿನಲ್ಲಿ ಏನಿದೆಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅಕ್ಕನ ಹೆಸರು ದಯಾಮಣಿ. ಅಪ್ಪ ಅರಸೀಕೆರೆ ಸ್ಟೇಷನ್ನಿನಲ್ಲಿ ಇಂಜಿನ್ನಿಗೆ ಕಲ್ಲಿದ್ದಲು ಹೊರುತ್ತಿದ್ದವರು. ಅವರು ತೀರಿಕೊಂಡಾಗ ಅಕ್ಕನಿಗೆ ಹದಿನಾಲ್ಕು, ನನಗೆ ಎಂಟು. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮಂಡಿಯಲ್ಲಿ ಕೊಬ್ಬರಿ ಆರಿಸುವ ಕೆಲಸಕ್ಕೆ ಹೋಗಿ ನನ್ನನ್ನು ನಾಲ್ಕನೇ ಕ್ಲಾಸಿನವರೆಗೆ ಓದಿಸಿದಳು. "ನೀನು ಕಲ್ತ್ರೆ ನಮ್ಮನೇಲಿ ದೇವ್ರ ಮಾತು ಕೇಳುಸ್ತೈತೆ ಕಣೋ" ಅನ್ನುತ್ತಿದ್ದಳು. ನನಗೆ ಅಕ್ಷರ ಕೊಟ್ಟಿದ್ದು ಅದೊಂದಕ್ಕೇ — ಅದೊಂದನ್ನೇ ನಾನು...

ಏನಾದರೂ ತೀರ್ಮಾನ ಮಾಡಬೇಕಾದಾಗ ಅಕ್ಕ ಒಂದು ಹೊತ್ತು ಉಪವಾಸವಿದ್ದು, ಮಂಡಿಯೂರಿ ಪ್ರಾರ್ಥಿಸಿ, ಕಣ್ಣು ಮುಚ್ಚಿಕೊಂಡೇ ವೇದ ತೆರೆದು ಬೆರಳಿಡುತ್ತಿದ್ದಳು. ಬೆರಳು ಬಿದ್ದ ಸಾಲಿನ ಪಕ್ಕ ಉಗುರಿನಿಂದ ಗೀರುತ್ತಿದ್ದಳು. ನಾನು ಓದಿ ಹೇಳಿದ ಮೇಲೆ ಹಳೇ ಸೀರೆಯಿಂದ ಒಂದು ಎಳೆ ಕಿತ್ತು ಆ ಪುಟದಲ್ಲಿ ಇಡುತ್ತಿದ್ದಳು. ನಮ್ಮ ಸಭೆಯ ಪಾದ್ರಿಗಳಿಗೆ ಇದು ಹಿಡಿಸುತ್ತಿರಲಿಲ್ಲ. "ದೇವರ ಹತ್ರ ಚೀಟಿ ಎತ್ತೋ ಆಟ ಆಡಬೇಡಮ್ಮ. ಪೂರ್ತಿ ಓದಿಸಿಕೊಂಡು ಕೇಳು" ಎಂದು ಒಮ್ಮೆ ಗದರಿಸಿದ್ದರು. "ನಂಗೆ ಓದಕ್ಕೆ ಬರಲ್ಲ ಅನ್ನೋದು ಅವನಿಗೆ ಗೊತ್ತಲ್ವ ಅಯ್ಯೋರೇ? ಅದಕ್ಕೇ ಚಿಕ್ಕದಾಗಿ ಹೇಳ್ತಾನೆ" ಎಂದಿದ್ದಳು.

ನಯಾಪೈಸೆ ಚಲಾವಣೆಗೆ ಬಂದ ವರ್ಷ ನಮ್ಮ ಪ್ರಾರ್ಥನಾ ಮಂದಿರಕ್ಕೆ ಬೆಂಚು ಮಾಡಲು ಹಳೇಬೀಡಿನಿಂದ ದೇವಸಹಾಯ ಎಂಬ ಬಡಗಿ ಬಂದರು. ಹೆಂಡತಿ ತೀರಿಕೊಂಡಿದ್ದ, ಮಕ್ಕಳಿಲ್ಲದ ಮನುಷ್ಯ. ಅಕ್ಕ ಅವರಿಗೆ ಊಟ ಕೊಟ್ಟುಬರುತ್ತಿದ್ದಳು. "ನಿಮ್ಮ ಪಾದ್ರಿಗಳ ಪ್ರಾರ್ಥನೆ ಉದ್ದ ನೋಡಿ ಬೆಂಚಿಗೆ ಹೊನ್ನೆ ಮರಾನೇ ಹಾಕ್ತಾ ಇದೀನಿ ಕಣಮ್ಮ, ಬೇರೆ ಮರ ತಡೆಯಲ್ಲ" ಎಂದರಂತೆ. ಅದನ್ನು ಮನೆಯಲ್ಲಿ ಹೇಳುತ್ತಾ ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅಪ್ಪ ಹೋದಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಕೆಲಸ ಮುಗಿಯುವಷ್ಟರಲ್ಲಿ ಅವರು ಪಾದ್ರಿಗಳ ಮೂಲಕ ಹೆಣ್ಣು ಕೇಳಿದರು.

ಅದೇ ವಾರ ನನಗೆ ಬೇಲೂರಿನ ಪ್ರವಾಸಿ ಬಂಗಲೆಯಲ್ಲಿ ಕಾವಲುಗಾರನ ಕೆಲಸ ಸಿಕ್ಕಿತ್ತು. ಅಲ್ಲೇ ಉಳಿಯಬೇಕಿತ್ತು. ಅವ್ವನಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದ್ದವು. ಅಳಿಯನ ಮನೆಗೆ ಬರುವುದಿಲ್ಲವೆಂದು ಅವ್ವ ಹಟ ಹಿಡಿದಿದ್ದಳು, ಬೇಲೂರಿನಲ್ಲಿ ನನಗೆ ಕೊಟ್ಟಿದ್ದು ಒಬ್ಬನು ಮಲಗುವಷ್ಟೇ ಜಾಗ. ಅಕ್ಕ ಹೋದರೆ ನಾನು ನಿಲ್ಲಬೇಕು. ನನಗೆ ಇಪ್ಪತ್ತೊಂದು ವರ್ಷ — ನಿಲ್ಲಲು ನನಗೆ ಮನಸ್ಸಿರಲಿಲ್ಲ. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಭಾನುವಾರ ಆರಾಧನೆ ಮುಗಿಸಿ ಬಂದು ಅಕ್ಕ ಬಹಳ ಹೊತ್ತು ಪ್ರಾರ್ಥಿಸಿದಳು. ವೇದ ತೆರೆದು ಬೆರಳಿಟ್ಟು, ಗೀರಿ, ನನ್ನ ತೊಡೆಯ ಮೇಲಿಟ್ಟಳು. ಕಣ್ಣಿನ್ನೂ ಮುಚ್ಚಿಯೇ ಇತ್ತು. ಕೆಳಗೆ ನೋಡಲು ನನಗೆ ಹೆದರಿಕೆಯಾಯಿತು. 'ಹೋಗು' ಎಂದಿದ್ದರೆ? ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದ, ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬ ಆಜ್ಞೆಯನ್ನು ಹೇಳಿದೆ — ಗೋಡೆ ನೋಡಿಕೊಂಡು.

ಅಕ್ಕ ಕಣ್ಣು ಬಿಟ್ಟಳು. "ಅದು ಪುಸ್ತಕದ ಮೊದಲಲ್ಲಿ ಬತ್ತದಲ್ವ? ಇಷ್ಟು ಹಿಂದಕ್ಕೂ ಐತಾ?"

"ಎರಡ್ಮೂರು ಕಡೆ ಐತೆ ಅಕ್ಕ."

"ಇನ್ನೊಂದ್ಸಲ ಓದೋ."

ಓದಿದೆ. ಮೊದಲನೆಯದು ಹೆದರಿಕೆಯಿಂದ ಬಂತು ಎನ್ನಬಹುದೇನೋ. ಎರಡನೆಯದನ್ನು ತಿಳಿದೇ ಹೇಳಿದೆ, ದನಿ ಕೂಡ ನಡುಗಲಿಲ್ಲ.

"ಆಯ್ತು. ಅವನೇ ಹೇಳಿದ್ಮೇಲೆ ಆಯ್ತು" ಎಂದು ಅಕ್ಕ ನೀಲಿ ಎಳೆಯೊಂದನ್ನು ಆ ಪುಟದಲ್ಲಿಟ್ಟು, ಅವ್ವನಿಗೆ ಗಂಜಿ ಕಾಯಿಸಲು ಎದ್ದಳು.

ದೇವಸಹಾಯ ಎರಡು ವರ್ಷ ಕಾದು ಬೇರೆ ಮದುವೆಯಾದರು. ಅವ್ವ ಎಂಟು ವರ್ಷ ಬದುಕಿದ್ದಳು. ನಾನು ಬೇಲೂರಿನಲ್ಲಿ ಸಂಸಾರ ಹೂಡಿದೆ. ಅಕ್ಕ ಈಗಲೂ ಒಬ್ಬಳೇ ಮಂಡಿಗೆ ಹೋಗುತ್ತಾಳೆ. ಭಾನುವಾರ ಆ ಹೊನ್ನೆ ಮರದ ಬೆಂಚಿನ ಮೇಲೆಯೇ ಕೂರುತ್ತಾಳೆ. ನಾನೂ ಪ್ರಾರ್ಥಿಸುತ್ತೇನೆ, ವೇದ ಓದುತ್ತೇನೆ. ಆದರೆ ಯಾವ ಪುಟ ತೆರೆದರೂ ದೇವರ ದನಿ ಕೇಳುವುದಿಲ್ಲ, ಅವತ್ತಿನ ನನ್ನ ದನಿಯೇ ಕೇಳುತ್ತದೆ.

ಹೋದ ತಿಂಗಳು ಅಕ್ಕ ಬೇಲೂರಿಗೆ ಬಂದವಳು ತನ್ನ ವೇದವನ್ನು ನನ್ನ ಮಗಳು ನಿರ್ಮಲಳ ಕೈಗೆ ಕೊಟ್ಟಳು. ಅವಳೀಗ ನಾಲ್ಕನೇ ಕ್ಲಾಸು. "ನಿಮ್ಮಪ್ಪ ಓದಿ ಹೇಳಿದ್ದೆಲ್ಲ ನಂಗೆ ಮರ್ತೋಗೈತೆ ಕಣೇ. ಎಳೆ ಇರೋ ಪುಟಾನೆಲ್ಲ ಓದಿ ಕಲ್ತಿಟ್ಕೋ, ಕ್ರಿಸ್ಮಸ್‌ಗೆ ಬಂದಾಗ ನೀನೇ ನಂಗೆ ಓದ್ಬೇಕು."

ಮಗು ದಿನಕ್ಕೊಂದು ಎಳೆಯಂತೆ ಕಲಿಯುತ್ತಿದೆ. ನಿನ್ನೆ ನೀಲಿ ಎಳೆಯ ಹತ್ತಿರ ಬಂದು, "ಅಪ್ಪಾ, ಇಲ್ಲಿ ಅತ್ತೆ ಉಗುರಲ್ಲಿ ಯಾವ ಸಾಲಿಗೆ ಗೀರಿದಾರೆ, ನೋಡು" ಎಂದಳು. ನಾನು ಪುಸ್ತಕ ಕಿತ್ತುಕೊಂಡು ಮುಚ್ಚಿದೆ. ಮಗು ಬೆಚ್ಚಿತು. ಅವಳು ಶಾಲೆಗೆ ಹೋದಮೇಲೆ ಆ ಎಳೆಯನ್ನು ಹಿಡಿದು ಅರ್ಧ ಎಳೆದೆ. ಪೂರ್ತಿ ಎಳೆದಿದ್ದರೆ ಆ ಪುಟ ಮತ್ತೆ ಯಾರಿಗೂ ಸಿಗುತ್ತಿರಲಿಲ್ಲ. ಕೈ ಯಾಕೆ ನಿಂತಿತೋ — ಒಳ್ಳೆಯತನದಿಂದಲ್ಲ, ಅಷ್ಟು ಗೊತ್ತು.

ಅಲ್ಲಿ ಬರೀ ವಂಶಾವಳಿಯ ಹೆಸರುಗಳೇ ಇರಬಹುದು. ಹೋಗು ಎಂದಿರಬಹುದು. ಇಲ್ಲೇ ಇರು ಎಂದೇ ಇರಬಹುದು — ಆದರೂ ನಾನು ಹೇಳಿದ್ದು ಸುಳ್ಳೇ.

ಬರುವ ಭಾನುವಾರ ಮೊದಲನೇ ಬಸ್ಸಿಗೆ ನಾನೊಬ್ಬನೇ ವೇದ ಹಿಡಿದು ಅರಸೀಕೆರೆಗೆ ಹೋಗುತ್ತೇನೆ. ಅಕ್ಕನ ಮುಂದೆ ಕೂತು, ಮಾಡಿದ್ದನ್ನು ಮೊದಲು ಹೇಳುತ್ತೇನೆ. ಆಮೇಲೆ ನೀಲಿ ಎಳೆಯ ಪುಟ ತೆರೆದು, ಉಗುರಿನ ಗೀರು ಇರುವ ಸಾಲನ್ನು ಓದುತ್ತೇನೆ — ಅವಳು ಕೇಳಿಸಿಕೊಳ್ಳಲು ಒಪ್ಪಿದರೆ. ಇನ್ನೊಂದ್ಸಲ ಓದು ಎಂದರೆ ಇನ್ನೊಂದು ಸಲ ಓದುತ್ತೇನೆ. ಗೋಡೆ ನೋಡುವುದಿಲ್ಲ.