ಹೆಸರಿಗೊಂದು ಗಂಟು ಹಾಕುವ ದುರುಗಕ್ಕ

ಚಿತ್ರದುರ್ಗದ ಕೋಟೆಬಂಡೆಗಳ ಮೇಲೆ ಇನ್ನೂ ಬೆಳಕು ಬಿದ್ದಿಲ್ಲ. ಬೆಟ್ಟದ ಬುಡದ ಸಣ್ಣ ಮಠವೊಂದರ ಹಿಂದಿನ ಕೋಣೆಯಲ್ಲಿ ದುರುಗಕ್ಕ ಕಸ ಗುಡಿಸುತ್ತಿದ್ದಾಳೆ. ಬಗ್ಗಿಯೇ ಗುಡಿಸಬೇಕು. ತೊಲೆಯಿಂದ ನೂರಾರು ಉಣ್ಣೆದಾರಗಳು ಇಳಿಬಿದ್ದಿವೆ. ತಲೆ ಎತ್ತಿದರೆ ಮುಖ, ಕುತ್ತಿಗೆಗಳನ್ನು ಸವರುತ್ತವೆ. ಕಿಂಡಿಯ ಗಾಳಿಗೆ ಬರಿದಾರಗಳು ಅಲ್ಲಾಡುತ್ತವೆ. ಗಂಟು ತುಂಬಿದವು ಅಲ್ಲಾಡುವುದಿಲ್ಲ. ಮಠದ ಅಡುಗೆಯವರು ಇಲ್ಲಿಗೆ ಕಾಲಿಡುವುದಿಲ್ಲ. ಗಂಜಿಯ ಚೆಂಬನ್ನು ಹೊಸ್ತಿಲಾಚೆ ಇಟ್ಟು, ಒಂದು ಕೂಗು ಹಾಕಿ ಹೊರಟೇಬಿಡುತ್ತಾರೆ.

“ಒಳಗೆ ಬರ್ರಿ, ಕುಂತ್ಕಳ್ರಿ,” ಎಂದು ದುರುಗಕ್ಕ, ಪತ್ರಿಕೆಗೆ ಬರೆಯಲು ಬಂದ ನನಗೆ ಕಂಬಳಿ ಹಾಸುತ್ತಾಳೆ. “ಅವೇನೂ ಮಾಡಲ್ಲ. ಕೈ ಮಾತ್ರ ತಗಲಿಸಬ್ಯಾಡ್ರಿ.”

ದುರುಗಕ್ಕ ಕುರಿ ಸಾಕುವವರ ಮನೆಯ ಹೆಣ್ಣು. ಗಂಡ ತೀರಿಕೊಂಡ ಮೇಲೆ ಉಣ್ಣೆ ನೂತು ಬದುಕುತ್ತಿದ್ದವಳನ್ನು ಮಠದ ಪಂಡಿತರಾದ ಮುರುಗೇಶಪ್ಪನವರು ಕೆಲಸಕ್ಕೆ ಕರೆದರು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಮನೆಗಳಿಂದ ಹಳೆಯ ಓಲೆಗ್ರಂಥಗಳು ಗಾಡಿಯಲ್ಲಿ ಮಠಕ್ಕೆ ಬರುತ್ತವೆ. ಅರ್ಧಕ್ಕರ್ಧ ಗೆದ್ದಲು ಹಿಡಿದವು. ಎಲ್ಲವನ್ನೂ ಪ್ರತಿ ಮಾಡುವಷ್ಟು ಕೈಗಳಿಲ್ಲ. ಯಾವುದನ್ನು ಉಳಿಸುವುದು, ಯಾವುದನ್ನು ಬಿಡುವುದು?

ಪಂಡಿತರು ಒಂದು ದಾರಿ ಹುಡುಕಿದರು. ಬೇರೆ ಗ್ರಂಥಗಳು ಯಾವುದನ್ನು ಹೆಚ್ಚು ನೆನೆಯುತ್ತವೋ ಅದು ದೊಡ್ಡದು. ಪ್ರತಿ ಗ್ರಂಥಕ್ಕೂ ಒಂದು ದಾರ. ಪಂಡಿತರು ಓಲೆಯ ಮೇಲೆ ಕಣ್ಣಾಡಿಸುತ್ತ, ಇನ್ನೊಂದು ಗ್ರಂಥದ ಹೆಸರು ಬಂದ ಕೂಡಲೇ ಅದನ್ನು ಕೂಗುತ್ತಿದ್ದರು. ದುರುಗಕ್ಕ ಆ ಹೆಸರಿನ ದಾರಕ್ಕೆ ಒಂದು ಗಂಟು ಹಾಕುತ್ತಿದ್ದಳು. ಓದು ಬರದ ಆಕೆಗೆ ಯಾವ ದಾರ ಯಾವುದರದೆಂಬುದು ತೊಲೆಯ ಮೇಲಿನ ಜಾಗದಿಂದಲೇ ಗೊತ್ತು. ದಿನಕ್ಕೊಂದು ಓಲೆಕಟ್ಟು ಮುಗಿಯುತ್ತಿತ್ತು. ವರ್ಷದ ಕೊನೆಗೆ ಗಂಟು ಹೆಚ್ಚಿದ್ದವಕ್ಕೆ ಹೊಸ ಪ್ರತಿ. ಗಂಟೇ ಬೀಳದವು ಗಾಡಿ ಹತ್ತಿ ಮಾರಿಕಣಿವೆಯ ನೀರಿಗೆ.

ಅಲ್ಲೊಂದು ದಾರ ಉಳಿದೆಲ್ಲವನ್ನೂ ಮೀರಿ ಬೆಳೆಯಿತು. ಅದು ಅಜ್ಜಪ್ಪ ಎಂಬ ಹಿಂದಿನ ಕಾಲದ ವೈದ್ಯನೊಬ್ಬನ ಗ್ರಂಥದ್ದು, ಕೂಸುಗಳ ಜ್ವರಕ್ಕೆ ಮದ್ದು ಹೇಳುವಂಥದ್ದು. ಗಂಟು ಬಿದ್ದು ಬಿದ್ದು ದಾರ ಸಾಲದೆ, ದುರುಗಕ್ಕ ಅದಕ್ಕೆ ಮತ್ತೆ ಮತ್ತೆ ಉಣ್ಣೆ ಹೊಸೆದು ಉದ್ದ ಮಾಡಿದಳು. “ಬ್ಯಾರೆ ದಾರಗಳನ್ನ ಇಲಿ ಕಡೀತಿದ್ವು. ಇದರ ತಂಟೆಗೆ ಒಂದೂ ಬರ್ತಿರಲಿಲ್ಲ,” ಎನ್ನುತ್ತಾಳೆ. “ಮುಟ್ಟಿದ್ರೆ ಬೆರಳು ತಣ್ಣಗಾಗ್ತಿತ್ತು. ದೊಡ್ಡೋರ ದಾರ, ಹಂಗೇ ಇರ್ತೈತೆ ಅಂದ್ಕಂಡಿದ್ದೆ.”

ಮಠ ಆ ವರ್ಷ ಅಜ್ಜಪ್ಪನ ಗ್ರಂಥವನ್ನೇ ಮೊದಲು ಪ್ರತಿ ಮಾಡಿಸಿತು. ಮೊದಲ ಪ್ರತಿಯನ್ನು ಮದಕರಿಪುರದ ನಾಟಿವೈದ್ಯ ಗುಡ್ಡಪ್ಪ ಕಣ್ಣಿಗೊತ್ತಿಕೊಂಡು ಒಯ್ದ.

ಅದಾದ ಕೆಲವು ದಿನಕ್ಕೆ, ಒಂದು ಮಧ್ಯಾಹ್ನ, ದಾರದ ತುದಿ ನೆಲ ಮುಟ್ಟಿತು. ದುರುಗಕ್ಕನಿಗೆ ಹಿಗ್ಗು. “ಬುದ್ದಿ, ಇಷ್ಟು ಜನ ನೆನೆಯಂಗೆ ಮಾಡ್ಯಾನಲ್ಲ ಪುಣ್ಯಾತ್ಮ! ಏನಂತ ಹೊಗಳ್ಯಾರೆ, ಒಂದೀಟು ಓದಿ ಹೇಳ್ರಿ,” ಎಂದು ಕೇಳಿದಳು. ಮುರುಗೇಶಪ್ಪನವರಿಗೂ ಖುಷಿಯಾಯಿತು. ಅಲ್ಲಿಯವರೆಗೆ ಅವರು ಹೆಸರು ಹುಡುಕಿದ್ದರೇ ಹೊರತು ಸಾಲು ಓದಿರಲಿಲ್ಲ. ಕೈಗೆ ಸಿಕ್ಕ ಕಟ್ಟು ಬಿಚ್ಚಿ ದನಿ ತೆಗೆದು ಓದಿದರು: “ಅಜ್ಜಪ್ಪನು ಹೇಳಿದ ಬೇರನ್ನು ತೇಯ್ದು ಕೊಡಲು, ಕೂಸು ಬೆಳಗಾಗುವುದರೊಳಗೆ ತಣ್ಣಗಾಯಿತು.”

ಜ್ವರ ಇಳಿಯಿತೆಂದೇ ಇಬ್ಬರೂ ತಿಳಿದರು. ಇನ್ನೊಂದು ಕಟ್ಟು ಬಿಚ್ಚಿದರು. “ಅಜ್ಜಪ್ಪನ ಮಾತು ನಂಬಿ ನಮ್ಮ ಮನೆಯ ತೊಟ್ಟಿಲು ಬರಿದಾಯಿತು.” ಮತ್ತೊಂದರಲ್ಲಿ, “ಅಜ್ಜಪ್ಪನ ಮದ್ದನ್ನು ಮಕ್ಕಳಿಗೆ ಮುಟ್ಟಿಸಬಾರದು. ಎರಡು ಕೂಸುಗಳನ್ನು ಮಣ್ಣಿಗಿಟ್ಟು ಬರೆಯುತ್ತಿದ್ದೇನೆ.” ಮುಂದಿನದೂ ಹಾಗೆಯೇ ಇತ್ತು. ಅದರ ಮುಂದಿನದೂ.

“ಆ ಹೊತ್ತಿಗೆ ಗಾಳಿ ಇರಲಿಲ್ಲ,” ಎಂದು ದುರುಗಕ್ಕ ದನಿ ತಗ್ಗಿಸುತ್ತಾಳೆ. “ಎಂದೂ ಅಲ್ಲಾಡದ ದಾರ ತೊಟ್ಲು ತೂಗಿದಂಗೆ ತೂಗ್ತಿತ್ತು. ಬುದ್ದೀನೂ ನೋಡಿದ್ರು.”

ಪಂಡಿತರು ಒಮ್ಮೆಲೇ ಎದ್ದರು. “ಗುಡ್ಡಪ್ಪ!” ಎಂದರು. ಗಾಡಿ ಕಟ್ಟಿಸುವವರೆಗೆ ದುರುಗಕ್ಕ ಕಾಯಲಿಲ್ಲ. ಸೆರಗು ಬಿಗಿದು ಮದಕರಿಪುರದ ದಾರಿ ಹಿಡಿದಳು.

ಊರು ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಗುಡ್ಡಪ್ಪ ಅನ್ನಪೂರ್ಣಮ್ಮ ಎಂಬವರ ಮನೆಯಲ್ಲಿದ್ದ. ತಾಯಿಯ ತೊಡೆಯ ಮೇಲೆ ಜ್ವರದಿಂದ ಕೆಂಡವಾಗಿದ್ದ ಹೆಣ್ಣುಕೂಸು. ಕೂಸಿಗೆ ಕುಡಿಸುವ ಒಳಲೆಯಲ್ಲಿ ತೇಯ್ದ ಮದ್ದು ತುಟಿಯ ಹತ್ತಿರ.

“ಕೊಡಬ್ಯಾಡ್ರಿ!” ಎಂದು ದುರುಗಕ್ಕ ಬಾಗಿಲಲ್ಲೇ ಚೀರಿದಳು.

ಗುಡ್ಡಪ್ಪ ಸಿಟ್ಟಾದ. “ಯಾರವ್ವ ನೀನು? ಇದಕ್ಕೆ ಬಿದ್ದಷ್ಟು ಗಂಟು ಯಾವುದಕ್ಕೂ ಬಿದ್ದಿಲ್ಲ ಅಂತ ಮಠದಾಗೇ ಹೇಳ್ಯಾರೆ.”

“ಆ ಗಂಟು ಹಾಕಿದೋಳು ನಾನೇ ಕಣಪ್ಪ. ಇವತ್ತು ಬುದ್ದಿ ಓದಿ ಹೇಳಿದ್ರು. ಒಂದೊಂದು ಗಂಟೂ ಒಂದೊಂದು ಸತ್ತ ಕೂಸು.”

ಅನ್ನಪೂರ್ಣಮ್ಮ ಒಳಲೆಯನ್ನು ಅಂಗಳಕ್ಕೆ ಎಸೆದರು. ಗುಡ್ಡಪ್ಪ ಬಾಗಿಲಾಚೆ ಬೀದಿಯ ಕೊನೆಗೆ ಕಣ್ಣು ಹಾಯಿಸಿದ. “ಬೋರಕ್ಕನ ಮಗನಿಗೆ ನಿನ್ನೆ ಸಂಜೆ ಕೊಟ್ಟೆ,” ಎಂದ. ಬೋರಕ್ಕನ ಮನೆ ಅದೇ ಬೀದಿಯ ಕೊನೆಯದು. ಬೆಳಗಿನಿಂದ ಅದರ ಬಾಗಿಲು ತೆರೆದಿರಲಿಲ್ಲ. ಎಲ್ಲರೂ ಹೋಗಿ ತಳ್ಳಿದರು. ಬೋರಕ್ಕ ಕೂಸನ್ನು ಮಡಿಲಲ್ಲಿಟ್ಟುಕೊಂಡು, “ಸದ್ದು ಮಾಡಬ್ಯಾಡ್ರಿ. ಜ್ವರ ಇಳದೈತೆ. ಈಗ ಮಲಗ್ಯಾನೆ,” ಎಂದಳು.

ಅನ್ನಪೂರ್ಣಮ್ಮನ ಕೂಸಿನ ಜ್ವರ ಮೂರು ದಿನ ಕಾದು ತಾನಾಗಿ ಬಿಟ್ಟಿತು. ಗುಡ್ಡಪ್ಪ ಈಗ ವೈದ್ಯವೃತ್ತಿ ಬಿಟ್ಟು ಹೊಲ ಉಳುತ್ತಾನೆ. ಅಜ್ಜಪ್ಪನ ದಾರವನ್ನು ಸುಟ್ಟುಬಿಡಿ ಎಂದು ಮಠದವರು ಹೇಳಿದಾಗ, ಬೇಡವೆಂದು ಹಟ ಹಿಡಿದವಳು ದುರುಗಕ್ಕ. ಅದರ ತುದಿಗೆ, ಯಾವ ಓಲೆಯಲ್ಲೂ ಇಲ್ಲದ ಗಂಟೊಂದನ್ನು ತಾನೇ ಹಾಕಿದ್ದಾಳೆ.

ಈಗ ಕೆಲಸ ನಿಧಾನ. ಪಂಡಿತರು ಇಡೀ ಸಾಲನ್ನು ದೊಡ್ಡ ದನಿಯಲ್ಲಿ ಓದುತ್ತಾರೆ. ಮೆಚ್ಚಿ ನೆನೆದಿದ್ದರೆ ಬಿಳಿ ಉಣ್ಣೆಯ ಗಂಟು, ಎಚ್ಚರಿಸಿ ನೆನೆದಿದ್ದರೆ ಕರಿ ಉಣ್ಣೆಯದು. ಒಂದು ಕಟ್ಟಿಗೆ ನಾಲ್ಕೈದು ದಿನ ಹಿಡಿಯುತ್ತದೆ. ಮಠದಲ್ಲಿ ಗೊಣಗುವವರಿದ್ದಾರೆ. “ಗೊಣಗಲಿ ಬಿಡ್ರಿ. ಗಂಟಿಗೆ ಬಾಯಿಲ್ಲ. ನಾವೇ ಕೇಳಿ ಹಾಕಬೇಕು,” ಎಂದು ಆಕೆ ಮತ್ತೆ ಉಣ್ಣೆ ಹೊಸೆಯುತ್ತಾಳೆ.

ನಾನು ಹೊರಡಲು ಏಳುತ್ತೇನೆ. ಆಕೆ ಬಾಗಿಲವರೆಗೂ ಬರುತ್ತಾಳೆ.

“ನನ್ನ ಹೆಸರು ಪತ್ರಿಕೇಲಿ ಬರ್ತೈತೆ ಅಂದ್ರಿ. ಬರ್ಲಿ, ಸಂತೋಷ. ಬೋರಕ್ಕನ ಮಗನ್ನೂ ಸೇರಿಸ್ರಿ.”

ಮಗುವಿನ ಹೆಸರೇನು ಎಂದು ಕೇಳುತ್ತೇನೆ.

“ಇನ್ನೂ ಇಟ್ಟಿರಲಿಲ್ಲ,” ಎನ್ನುತ್ತಾಳೆ ದುರುಗಕ್ಕ. “ಬೋರಕ್ಕನ ಮಗ ಅಂತ್ಲೇ ಬರೀರಿ.”