ಅಮ್ಮನ ಉಪ್ಪು, ರೀಲಿನ ಬೇರಿಂಗ್

ಮಲ್ಪೆಯಲ್ಲಿರುವ ನನ್ನ ಭಾವ ಕಡಲಲ್ಲಿ ಮೀನು ಹಿಡಿಯುವ ಗಾಳದ ರೀಲೊಂದನ್ನು ಕೊಟ್ಟಿದ್ದರು. ಉಪ್ಪುನೀರು ಒಳಗಿನ ಬೇರಿಂಗ್‌ಗಳನ್ನು ತಿಂದುಹಾಕುತ್ತದೆ, ಪ್ರತಿ ಸಲವೂ ಸಿಹಿನೀರಿನಲ್ಲಿ ತೊಳೆಯಬೇಕು ಎಂದಿದ್ದರು. ನಾನು ಅದನ್ನು ತಂದದ್ದು ಅಜ್ಜಂಪುರಕ್ಕೆ. ಇಲ್ಲಿ ಉಪ್ಪು ಸಿಗುವುದು ಕಿರಾಣಿ ಅಂಗಡಿಯಲ್ಲಿ ಮಾತ್ರ. ಆದರೂ ಕೆರೆಯಿಂದ ಬಂದಕೂಡಲೇ, ಸಿಹಿನೀರಲ್ಲಿ ನೆನೆದ ರೀಲನ್ನು ಸಿಹಿನೀರಲ್ಲೇ ಶ್ರದ್ಧೆಯಿಂದ ತೊಳೆಯುತ್ತಿದ್ದೆ.

ಆರು ತಿಂಗಳಿಗೆ ಅದು ಕರಕರ ಎನ್ನತೊಡಗಿತು. ತರೀಕೆರೆಯಲ್ಲಿ ಪಂಪ್‌ಸೆಟ್ ಮೋಟರ್ ರಿಪೇರಿ ಮಾಡುವವನೊಬ್ಬ ಬಿಚ್ಚಿ ನೋಡಿದ. ಎರಡೂ ಬೇರಿಂಗ್ ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಅವನು ಒಳಗಿನ ಬಿಳಿ ಪುಡಿಯನ್ನು ಬೆರಳಿಗೆ ಹಚ್ಚಿ ನಾಲಿಗೆಗಿಟ್ಟ.

"ಉಪ್ಪು ಕಣ್ರೀ. ಯಾವ ಸಮುದ್ರಕ್ಕೆ ಹೋಗಿದ್ರಿ?"

ನನಗೆ ಮೈಯೆಲ್ಲ ಉರಿಯಿತು. ಮನೆಗೆ ಫೋನ್ ಮಾಡಿದೆ. ಅಮ್ಮ ಎತ್ತಿದಳು. ರೀಲಿಗೆ ಉಪ್ಪು ಎಲ್ಲಿಂದ ಬಂತು ಎಂದು ಕೇಳಿದೆ.

"ನಿಂಗೆ ಒಂದು ಮೀನೂ ಬೀಳ್ತಿರ್ಲಿಲ್ಲ. ರೀಲಿಗೆ ಯಾರ್ದೋ ಕಣ್ಣು ಬಿದ್ದೈತೆ ಅಂತ ವಾರ ವಾರ ಉಪ್ಪು ನೀವಾಳಿಸ್ತಿದ್ದೆ. ಆ ಉಪ್ಪನ್ನ ನೀರಿಗೆ ಹಾಕಿ, ರೀಲಿಗೂ ಒಂದೀಟು ಚಿಮುಕಿಸ್ತಿದ್ದೆ."

ವಿಷಯ ಕೇಳಿ ರಿಪೇರಿಯವನು ಬಿದ್ದು ಬಿದ್ದು ನಕ್ಕ. ಆಮೇಲೆ ಹೊಸ ಬೇರಿಂಗ್ ಕೂರಿಸಿ, ಎಣ್ಣೆ ಬಿಟ್ಟು, ಹಿಡಿ ತಿರುಗಿಸಿದ. ರೀಲು ಸದ್ದಿಲ್ಲದೆ ತಿರುಗಿತು, ನಿಲ್ಲಲೇ ಇಲ್ಲ. ಅಂಗಡಿಗೆ ಬಂದಿದ್ದವರೆಲ್ಲ ಬಾಯಿಬಿಟ್ಟುಕೊಂಡು ಸುತ್ತ ನಿಂತರು. ಅವರನ್ನು ನೋಡಿ ಅವನ ನಗು ಮಾಯವಾಯಿತು. ರೀಲನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟು ಮೆಲ್ಲಗೆ ಹೇಳಿದ:

"ಇಷ್ಟು ಜನ ನೋಡ್ಬಿಟ್ರು. ಮನೆಗೆ ಹೋಗ್ತಿದ್ದಂಗೇ ನಿಮ್ಮಮ್ಮಂಗೆ ಹೇಳಿ ಒಂದು ಹಿಡಿ ಉಪ್ಪು ನೀವಾಳಿಸ್ಬಿಡಿ."